ನೊರೀನ್ ಹಾಕಿದ ತೇಪೆ

"ಯಾವನೋ ಪುಣ್ಯಾತ್ಮ ಚಿನ್ನದಂಥ ಸೈಕಲ್ ಫ್ರೇಮಿಗೆ ತೇಪೆ ಹಾಕಿ ಕೆಡಿಸಿಟ್ಟಿದಾನೆ," ಅಂದ ಡಾರಿಯೋ, ಭೂತಗನ್ನಡಿಯಿಂದ ಕಣ್ಣೆತ್ತದೆ.

"ಯಾವನೋ ಅಲ್ಲ," ಅಂದಳು ನೊರೀನ್. "ನಾನೇ."

ಆಗ ಅವನು ಕಣ್ಣೆತ್ತಿದ. ಜೇನುಬಣ್ಣದ ಕಣ್ಣು, ಹಣೆ ಮೇಲೆ ಏರಿಸಿಟ್ಟ ಕನ್ನಡಕ, ಎರಡು ದಿನದ ಬಿಳಿ ಗಡ್ಡ. ಅವನ ಕಿವಿ ನಿಧಾನಕ್ಕೆ ಕೆಂಪಾಗುವುದನ್ನು ನೊರೀನ್ ಪೂರ್ತಿಯಾಗಿ ನೋಡಿದಳು. ಅರವತ್ತರ ಗಂಡಸು ಹೀಗೆ ನಾಚಬಲ್ಲ ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಟಾರೆನ್ಸ್‌ನಲ್ಲಿ ಜೂನ್ ತಿಂಗಳ ಭಾನುವಾರ. ಹಳೆ ಬಿಎಂಎಕ್ಸ್ ಸೈಕಲ್ಲುಗಳ, ಅಂದರೆ ಮಣ್ಣುಗುಡ್ಡೆ ಹಾರಿಸಿ ಓಡಿಸುವ ಪುಟ್ಟ ರೇಸ್ ಸೈಕಲ್ಲುಗಳ ಸಂತೆ ಆಗತಾನೇ ಕಳೆಗಟ್ಟುತ್ತಿತ್ತು. ಕಡಲ ಕಡೆಯಿಂದ ಬಂದ ಮೋಡ ಇನ್ನೂ ಚದುರಿರಲಿಲ್ಲ. ಜಕರಂಡಾ ಮರಗಳು ಸದ್ದಿಲ್ಲದೆ ನೇರಳೆ ಹೂ ಉದುರಿಸುತ್ತಿದ್ದವು. ಮೂವತ್ತು ವರ್ಷದಿಂದ ಇದೇ ಮೂಲೆಯಲ್ಲಿ ಮೇಜು ಹಾಕಿ ಕೂತು, ಹಳೆ ಫ್ರೇಮುಗಳ ಅಸಲಿ-ನಕಲಿ ಹೇಳುವವನು ಡಾರಿಯೋ ವಿಯಸೆನ್ಯೋರ್. ಅವನು ತಲೆ ಆಡಿಸಿದರೆ ಬೆಲೆ ಏರುತ್ತಿತ್ತು, ತುಟಿ ಓರೆ ಮಾಡಿದರೆ ಇಳಿಯುತ್ತಿತ್ತು.

"ಕ್ಷಮಿಸಿ," ಅಂದ. "ಬಾಯಿಗೆ ಬಂದಿದ್ದು ಅಂದುಬಿಟ್ಟೆ."

"ಇರಲಿ ಬಿಡಿ. ನಲವತ್ತು ವರ್ಷದಿಂದ ಕೇಳ್ತಾ ಇದೀನಿ."

ಕೇಳುತ್ತಲೇ ಇದ್ದಳು. ಈ ಫ್ರೇಮು ಅವಳ ತಮ್ಮ ಗ್ಲೆನ್‌ನದು. ಎರಡು ವರ್ಷ ಮನೆಮನೆಗೆ ಪೇಪರ್ ಹಾಕಿ ಕೊಂಡದ್ದು. ವಿಲ್ಮಾಟ್ ಅನ್ನುವ ಮುದುಕ ತನ್ನ ಶೆಡ್ಡಿನಲ್ಲಿ ಕೂತು ಮಾಡಿದ ನಲವತ್ತೇ ಫ್ರೇಮುಗಳಲ್ಲಿ ಒಂದು. ಎಂಬತ್ತೆರಡನೇ ಇಸವಿಯಲ್ಲಿ, ಹದಿನೇಳರ ನೊರೀನ್, ಶಾಲೆಯ ವರ್ಕ್‌ಶಾಪಿನಲ್ಲಿದ್ದ ಒಬ್ಬಳೇ ಹುಡುಗಿ, ಅದರ ಕುತ್ತಿಗೆಯ ಕೆಳಗೆ ಮೂರು ಮೂಲೆಯ ಉಕ್ಕಿನ ತುಂಡೊಂದನ್ನು ವೆಲ್ಡ್ ಮಾಡಿ, ಮೇಲೆ ನೀಲಿ ಬಣ್ಣ ಬಳಿದುಬಿಟ್ಟಳು. ಮುಂದೆ ವಿಲ್ಮಾಟ್ ಫ್ರೇಮಿಗೆ ಸಾವಿರಗಟ್ಟಲೆ ಡಾಲರ್ ಬಂತು. ಪ್ರತಿ ಹಬ್ಬದ ಊಟದಲ್ಲೂ ಗ್ಲೆನ್‌ನದು ಅದೇ ತಮಾಷೆ: "ನಮ್ಮಕ್ಕ ಒಂದೇ ಮಧ್ಯಾಹ್ನ ಐದು ಸಾವಿರ ಡಾಲರ್ ಸುಟ್ಟವಳು!" ಎಲ್ಲರ ಜೊತೆ ನೊರೀನಳೂ ನಗುತ್ತಿದ್ದಳು. ಮುಂದೆ ಸ್ಯಾನ್ ಪೆಡ್ರೋ ಬಂದರಿನಲ್ಲಿ ಮೂವತ್ತಾರು ವರ್ಷ ಹಡಗುಗಳಿಗೆ ವೆಲ್ಡ್ ಮಾಡಿ ನಿವೃತ್ತಳಾದಳು. ಆ ಮಾತು ಮಾತ್ರ ಉಗುರಿನೊಳಗಿನ ಮುಳ್ಳಿನ ಹಾಗೆ ಉಳಿದೇಹೋಗಿತ್ತು.

ಈಗ ಗ್ಲೆನ್ ಆರೆಗನ್‌ಗೆ ಮನೆ ಬದಲಿಸಿ, ಫ್ರೇಮನ್ನು ಅಕ್ಕನ ಬಾಗಿಲಿಗೆ ಒರಗಿಸಿ ಹೋಗಿದ್ದ.

ಫೀನಿಕ್ಸ್‌ನಿಂದ ಬಂದ ಗಿರಾಕಿಯೊಬ್ಬ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. "ಡಾರಿಯೋ, ಆ ತೇಪೆ ಕಿತ್ತು ಮೊದಲಿನ ಹಾಗೆ ಮಾಡಿಕೊಡು. ನಾಲ್ಕು ಸಾವಿರಕ್ಕೆ ನಾನೇ ತಗೋತೀನಿ."

ಡಾರಿಯೋ ನೊರೀನಳ ಮುಖ ನೋಡಿದ. "ಈಗಿರೋ ಹಾಗೆ ಸಾವಿರದ ಇನ್ನೂರು ಬಂದ್ರೆ ಹೆಚ್ಚು. ನೀವು ಹೂಂ ಅಂದ್ರೆ ತೆಗೆದುಕೊಡ್ತೀನಿ."

"ತೆಗೆದುಬಿಡಿ," ಅಂದಳು. ತಪ್ಪೊಂದನ್ನು ಅಳಿಸಿದರೆ ಸಾಕಾಗಿತ್ತು ಅವಳಿಗೆ.

ಶನಿವಾರ ಅವನ ಗ್ಯಾರೇಜಿನಲ್ಲಿ ಕೆಲಸ ಶುರುವಾಯಿತು. ಮೊದಲು ನೀಲಿ ಬಣ್ಣ ಬಿಡಿಸಬೇಕು, ಪೆಡಲ್ ಕೂರುವ ಕೊಳವೆಯ ಅಡಿಯಲ್ಲಿ ವಿಲ್ಮಾಟ್ ಹೊಡೆದ ನಂಬರು ಹುಡುಕಬೇಕು. ಹತ್ತಿಯಲ್ಲಿ ದ್ರಾವಣ ಅದ್ದಿ ಅವನು ಮೆಲ್ಲಗೆ ಉಜ್ಜುತ್ತಿದ್ದ, ಮಲಗಿದ ಮಗುವಿನ ಮುಖ ಒರೆಸುವ ಹಾಗೆ. ಅವಳು ಮನೆಯಿಂದ ತಂದ ಸ್ಪ್ಯಾಮ್ ಮುಸುಬಿ, ಡಬ್ಬಿ ಮಾಂಸದ ಹೋಳಿಟ್ಟು ಸುತ್ತಿದ ಅನ್ನದ ತುಂಡು, ಬಿಚ್ಚಿದರೆ, ಅವನು ದಾಲ್ಚಿನ್ನಿ ಹಾಕಿದ ಕಾಫಿ ಬಗ್ಗಿಸಿಕೊಡುತ್ತಿದ್ದ.

ಎರಡನೇ ಶನಿವಾರವೂ ಬಣ್ಣ ಮುಗಿಯಲಿಲ್ಲ. ಮೂರನೆಯದಕ್ಕೂ ಉಳಿಯಿತು.

"ಹಡಗಿನ ಬಣ್ಣವನ್ನೇ ನಾವು ಇಷ್ಟು ದಿನ ಕೆರೀತಿರಲಿಲ್ಲ," ಅಂದಳು.

"ಅವಸರ ಮಾಡಿದ್ರೆ ನಂಬರು ಅಳಿಸಿಹೋಗುತ್ತೆ, ಮೇಡಂ."

ನಂಬರು ಮೊದಲ ಶನಿವಾರವೇ ಕಾಣಿಸಿತ್ತು, ಇಪ್ಪತ್ತಮೂರು. ಅದು ಕಂಡ ಕೂಡಲೇ ಅವನು ಹೆಬ್ಬೆರಳಿಂದ ಮುಚ್ಚಿದ್ದನ್ನೂ ನೊರೀನ್ ಕಂಡಿದ್ದಳು. ಕಂಡೂ ಕಾಣದವಳ ಹಾಗೆ ಕಾಫಿ ಲೋಟದೊಳಗೆ ನಕ್ಕಿದ್ದಳು.

"ಅಲ್ಲ, ಈ ತೇಪೆ ಯಾಕೆ ಹಾಕಿದ್ರಿ?" ಅಂತ ಕೇಳಿದ ಅವನು, ಕೊನೆಯ ನೀಲಿ ಚೂರು ಬಿಡಿಸುತ್ತ.

"ಹಾರಿ ಇಳಿಯುವಾಗ ಟಕ್ ಅಂತ ಸದ್ದು ಬರುತ್ತೆ ಅಂತಿದ್ದ ತಮ್ಮ. ನೋಡಿದೆ, ಏನೂ ಕಾಣಲಿಲ್ಲ. ಆದ್ರೂ ಯಾಕೋ ಮನಸ್ಸು ಒಪ್ಪಲಿಲ್ಲ. ಅಷ್ಟೇ."

ಅವನ ಕೈ ನಿಂತಿತು. ಭೂತಗನ್ನಡಿ ತೆಗೆದುಕೊಂಡ. ಬಾಗಿಲ ಬಿಸಿಲಿಗೆ ಫ್ರೇಮನ್ನು ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. ಆಮೇಲೆ ಭೂತಗನ್ನಡಿಯನ್ನು ಅವಳ ಕೈಗಿಟ್ಟ.

ತೇಪೆಯ ಅಂಚಿನಿಂದ ಕಪ್ಪು ಕೂದಲೆಳೆಯಷ್ಟು ಬಿರುಕು ಇಣುಕುತ್ತಿತ್ತು.

"ನಾನು ಹಾಕಿದ್ದಕ್ಕೇ ಬಿರಿಯಿತಾ?" ಅಂತ ಕೇಳಿದಳು.

"ಸರಿಯಾಗಿ ನೋಡಿ. ನಿಮ್ಮ ವೆಲ್ಡ್ ಬಿರುಕಿನ ಮೇಲೆ ಕರಗಿ ಹರಿದು ಕೂತಿದೆ. ಬಿರುಕು ಮೊದಲು, ತೇಪೆ ಆಮೇಲೆ. ಇಷ್ಟು ಬಿರಿದ ಫ್ರೇಮು ಇನ್ನೊಂದು ಹತ್ತು ಸಲ ಹಾರಿದ್ರೆ ಕುತ್ತಿಗೆ ಹತ್ತಿರ ಎರಡಾಗ್ತಿತ್ತು. ನಿಮ್ಮ ತಮ್ಮ ಆಮೇಲೆ ಎಷ್ಟು ದಿನ ಓಡಿಸಿದ?"

"ಮೂರು ವರ್ಷ. ರೇಸಲ್ಲಿ."

ಡಾರಿಯೋ ತೇಪೆಯನ್ನು ಹೆಬ್ಬೆರಳಿಂದ ಸವರಿದ. ನೊರೀನ್ ಅಲ್ಲೇ ನಿಂತು ಆರೆಗನ್‌ಗೆ ಫೋನ್ ಹಚ್ಚಿದಳು. ಕಂಡದ್ದನ್ನೆಲ್ಲ ಹೇಳಿದಳು.

"ಅಕ್ಕಾ," ಅಂದ ಗ್ಲೆನ್, "ಇಷ್ಟು ವರ್ಷ ನಾನು ಆಡಿದ ಮಾತಿಗೆ ಒಂದು ಸಲವಾದ್ರೂ ನನ್ನ ಕಪಾಳಕ್ಕೆ ಹೊಡೀಬಾರದಿತ್ತಾ?"

ಅವಳು ನಗಲು ಹೋಗಿ ಅತ್ತಳು. ಡಾರಿಯೋ ಕೈ ಒರೆಸುವ ಬಟ್ಟೆಯಲ್ಲಿ ಸ್ವಚ್ಛವಾದ ಮೂಲೆ ಹುಡುಕಿ ಹುಡುಕಿ, ಕೊನೆಗೆ ತನ್ನ ಅಂಗಿಯ ತೋಳನ್ನೇ ಮುಂದೆ ಚಾಚಿದ.

ಫೀನಿಕ್ಸ್‌ನವನಿಗೆ ಅವನೇ ಫೋನ್ ಮಾಡಿದ. "ಇದನ್ನ ನಾನು ಕತ್ತರಿಸಲ್ಲ. ಬೇರೆಯವರ ಹತ್ತಿರ ಮಾಡಿಸ್ತೀಯಾ? ಮಾಡೋರು ಇದಾರೆ. ಆದ್ರೆ ಫ್ರೇಮಿನ ಯಜಮಾನತಿ ಒಪ್ಪಬೇಕಲ್ಲ." ಯಜಮಾನತಿ ಬೇಡ ಎಂದು ತಲೆ ಆಡಿಸಿದಳು.

ಆಮೇಲೆ ಅವನು ಕಾಗದ ಬರೆದ: "ಅಸಲಿ ವಿಲ್ಮಾಟ್, ನಂಬರ್ ಇಪ್ಪತ್ತಮೂರು. ತೇಪೆ ನೊರೀನ್ ಟಕೆಡಾ ಅವರದು, ೧೯೮೨. ಒಳ್ಳೆಯ ಕೆಲಸ. ತೆಗೆಯಕೂಡದು. ಬೆಲೆ ಸಾವಿರದ ಇನ್ನೂರು ಡಾಲರ್."

"ಇಷ್ಟೆಲ್ಲ ಹೊಗಳಿ ಬೆಲೆ ಮಾತ್ರ ಅಷ್ಟೇನಾ?"

"ಬೆಲೆ ಇರೋದೇ ಅಷ್ಟು. ನಿಮ್ಮನ್ನ ಮೆಚ್ಚಿಸೋಕೆ ಸುಳ್ಳು ಬರೆದ್ರೆ, ಆಮೇಲೆ ನಾನು ಹೇಳೋ ಬೇರೆ ಮಾತನ್ನೂ ನೀವು ನಂಬಲ್ಲ."

"ಬೇರೆ ಮಾತು ಅಂದ್ರೆ ಯಾವುದು?"

ಅವನ ಕಿವಿಗಳು ಮತ್ತೆ ಕೆಂಪಾದವು. "ಕೆಲಸ ಮುಗೀತು. ಮುಂದಿನ ಶನಿವಾರ ನಿಮ್ಮನ್ನ ಕರೆಯೋಕೆ ನನಗೆ ನೆಪ ಇಲ್ಲ. ಎಂಟು ವರ್ಷದಿಂದ ಒಬ್ಬನೇ ಇದೀನಿ, ಯಾವ ಶನಿವಾರಕ್ಕೂ ನಾನು ಹೀಗೆ ಕಾದಿರಲಿಲ್ಲ. ಅದೇ ಮಾತು."

ನೊರೀನಳ ಎದೆಯಲ್ಲಿ ಏನೋ ಮೆಲ್ಲಗೆ ಕರಗಿ ಹರಿಯಿತು.

"ವೆಲ್ಡ್ ಮಾಡೋಕೆ ಬರುತ್ತಾ?" ಅಂತ ಕೇಳಿದಳು.

"ಬರಲ್ಲ. ನೋಡಿ ಹೇಳೋಕಷ್ಟೇ ಗೊತ್ತು."

"ಹಾಗಾದ್ರೆ ಶನಿವಾರ ನಮ್ಮನೆಗೆ ಬನ್ನಿ."

ಅವಳ ಹಿತ್ತಲ ಶೆಡ್ಡಿನಲ್ಲಿ, ಹಗಲು ಹನ್ನೊಂದರ ಬೆಳಕಿನಲ್ಲಿ, ಇಬ್ಬರೂ ಮುಖಕ್ಕೆ ಕಪ್ಪು ಗಾಜಿನ ಮುಸುಕು ಹಾಕಿಕೊಂಡು ನಿಂತರು. ಅವಳು ಹಿಂದಿನಿಂದ ಅವನ ಕೈ ಹಿಡಿದು ನಡೆಸಿದಳು. ಜಗತ್ತೆಲ್ಲ ಕತ್ತಲಾಗಿ ಒಂದೇ ಒಂದು ಹಸಿರು ಚುಕ್ಕೆ ಉರಿಯಿತು; ಅದರ ಹಿಂದೆ ಉಕ್ಕು ತುಪ್ಪದ ಹಾಗೆ ಕರಗಿ, ಬೆಳಗಿ, ಹೆಪ್ಪುಗಟ್ಟಿತು.

"ಹೇಗಿದೆ?" ಅಂದ ಅವನು, ಬೆಳಕು ಆರಿದ ಮೇಲೆ.

"ಕೋಳಿ ಕೆದರಿದ ಹಾಗಿದೆ."

ಅವನು ನಗುತ್ತ ತಿರುಗಿ, ಧೈರ್ಯ ಮಾಡಿ ಬಾಗಿದ. ಎರಡು ಮುಸುಕುಗಳೂ ಠಣ್ ಎಂದು ಡಿಕ್ಕಿ ಹೊಡೆದವು.

"ಅಯ್ಯೋ ದಡ್ಡ," ಅಂದಳು ನೊರೀನ್, ನಗುವಿನಲ್ಲಿ ಉಸಿರು ಸಿಕ್ಕಿಕೊಂಡು, "ಮೊದಲು ಅದನ್ನ ತೆಗಿಯೋ."

'ನೀವು' ಅನ್ನುವುದು ಯಾವಾಗ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಮುಸುಕು ತೆಗೆದು, ಬೆವರಿದ ಮುಖದಲ್ಲೇ, "ಇನ್ನೊಂದು ಸಲ ಹಾಗೇ ಕರಿ," ಅಂದ.