ಎಡಗಡೆಯ ನೀರು

ನೀರಿನೊಳಗೆ ಡೈವಿಂಗ್ ಕಲಿಸುವ ಮಾಸ್ಟರು ಮೊದಲ ಸಲ ನನ್ನತ್ತ ತಿರುಗಿ, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ಹುಷಾರಾಗಿದ್ದೀಯಾ ಎಂದು ಕೇಳಿದಾಗ ನಾನು ಅವರ ಎಡಗಡೆ ಇದ್ದೆ. ಇರಬೇಕಾದದ್ದು ಬಲಗಡೆ. ಆದರೆ ಬಲಗಡೆಯನ್ನೆಲ್ಲ ನನ್ನ ಭಾವ ಆಕ್ರಮಿಸಿಕೊಂಡಿದ್ದರು. ಭಾವ ಈಜುವುದೆಂದರೆ ಎಮ್ಮೆ ಕೆರೆಗಿಳಿದ ಹಾಗೆ, ಪಕ್ಕದವರು ಜಾಗ ಖಾಲಿ ಮಾಡಲೇಬೇಕು. ಅವರ ಕಾಲಿನ ರಬ್ಬರ್ ರೆಕ್ಕೆಯ ಏಟು ತಪ್ಪಿಸಿಕೊಳ್ಳಲು ಸುತ್ತು ಹಾಕಿ ಈಚೆ ಬಂದಿದ್ದೆ.

ನಾನೂ ಉಂಗುರ ಮಾಡಿ ತೋರಿಸಿದೆ. ಹುಷಾರಾಗಿದ್ದೇನೆ.

ಮಾಸ್ಕಿನ ಗಾಜಿನ ಹಿಂದೆ ಮಾಸ್ಟರ ಕಣ್ಣುಗಳು ಅರಳಿ ಹಾಗೇ ನಿಂತುಬಿಟ್ಟವು. ಬಾಯಿಂದ ಗುಳ್ಳೆ ಬರುವುದೂ ನಿಂತಿತು. ನೀರಿನೊಳಗೆ ಉಸಿರು ಹಿಡಿಯಬಾರದು ಎನ್ನುವುದು ಅವರೇ ನಮಗೆ ಹೇಳಿಕೊಟ್ಟ ಮೊದಲ ಪಾಠ. ಗುರುವೇ ಪಾಠ ಮರೆತದ್ದು ನೋಡಿ ನನಗೆ ನಗು ಬಂತು. ಒಬ್ಬ ಗಂಡಸು ನನ್ನನ್ನು ಹಾಗೆ ನೋಡಿ ಬಹಳ ಕಾಲವಾಗಿತ್ತು. ನಿಜ ಹೇಳಬೇಕೆಂದರೆ, ಯಾರೂ ನೋಡಿರಲೇ ಇಲ್ಲ.

ನಾನು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ದಿನವಿಡೀ ಕೈಯಲ್ಲೇ ಮಾತು. ಮಾಸ್ಟರು ಬಲಗಡೆಯವರಿಗೆ ಮಾಡುವ ಸನ್ನೆಯಲ್ಲಿ ಟಿಕೆಟ್ ಹರಿಯುವ ಕಂಡಕ್ಟರನ ಅವಸರವಿತ್ತು. ಎಡಗಡೆ ತಿರುಗಿದಾಗ ಮಾತ್ರ ಅದೇ ಕೈ ಮೆತ್ತಗಾಗುತ್ತಿತ್ತು, ಉತ್ತರಕ್ಕಾಗಿ ಕಾಯುತ್ತಿತ್ತು. ಆ ಅಕ್ಕರೆ ನನಗೇ ಎಂದುಕೊಂಡೆ. ಎಡಗಡೆ ಇನ್ಯಾರೂ ಇರಲಿಲ್ಲವಲ್ಲ.

ಅಸಲಿಗೆ ಈ ದ್ವೀಪಕ್ಕೆ ಬಂದದ್ದು ಅಕ್ಕ ಮತ್ತು ಭಾವನ ಮದುವೆ ವಾರ್ಷಿಕೋತ್ಸವಕ್ಕೆ. ಗಂಡನ ಜೊತೆ ಒಬ್ಬಳೇ ವಾರ ಕಳೆದರೆ ಬೇಜಾರಾಗುತ್ತದೆಂದು ಅಕ್ಕ ನನ್ನನ್ನೂ ಎಳೆದುಕೊಂಡು ಬಂದಿದ್ದಳು. ಬಂದ ಮೇಲೆ ಅವಳಿಗೆ ಅಲೆ ಆಗಿಬರಲಿಲ್ಲ. ಹೊಟ್ಟೆ ತೊಳಸಿಕೊಂಡು ಬೋಟಿನ ನೆರಳಲ್ಲಿ ಮಲಗಿರುತ್ತಿದ್ದಳು. ಆದರೂ ಕಣ್ಣು ಮಾತ್ರ ನಮ್ಮ ಮೇಲೆ.

"ಮಾಸ್ಟ್ರು ನಿನ್ನ ಗಾಳಿ ಸಿಲಿಂಡರ್ ಒಂದನ್ನೇ ಯಾಕೆ ಎರಡೆರಡು ಸಲ ಚೆಕ್ ಮಾಡ್ತಾರೆ?"

"ನಾನು ಹೊಸಬಳು, ಅದಕ್ಕೆ."

"ನಿಮ್ಮ ಭಾವನೂ ಹೊಸಬರೇ. ಅವರದನ್ನ ಕಣ್ಣೆತ್ತಿನೂ ನೋಡಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಮರುದಿನ ಬೋಟಿನ ಹಲಗೆಯ ಮೇಲೆ ಕೂತು ನನ್ನ ಸೊಂಟದ ಬೆಲ್ಟ್ ಬಿಗಿಯುವಾಗ ಮಾಸ್ಟರು ತಲೆ ಎತ್ತದೆಯೇ ಕೇಳಿದರು.

"ಟೀಚರ್, ಇವತ್ತೂ ಎಡಗಡೆನೇ ಇರ್ತೀರಾ?"

"ಬಲಗಡೆ ಭಾವ ಇದಾರಲ್ಲ."

"ಭಾವ ಇಲ್ದಿದ್ರೆ?"

ಕತ್ತಿನ ಹಿಂದೆ ಬಿಸಿಯಾಯಿತು, ಬಿಸಿಲಿನ ನೆಪ ಹೇಳಿ ಟವೆಲ್ ಹೊದ್ದುಕೊಂಡೆ.

ಹೀಗೇ ನಡೆದಿತ್ತು. ಅವರು ಕೇಳುವುದು, ನಾನು ಉಂಗುರ ತೋರಿಸುವುದು. ಸುತ್ತಲೂ ಹವಳದ ಕೊಂಬೆಗಳ ನಡುವೆ ಹಳದಿ, ನೀಲಿ ಮೀನುಗಳು ಓಡಾಡುತ್ತಿದ್ದರೂ ನನಗೆ ಬೇಕಾದದ್ದು ಆ ಒಂದು ಕೈ. ಸಿಕ್ಕಾಪಟ್ಟೆ ಪ್ರೀತಿಯಾಗಿಬಿಟ್ಟಿತ್ತು, ಸುಮ್ಮನೆ ಯಾಕೆ ಮುಚ್ಚಿಡಲಿ.

ಒಂದು ದಿನ ಬಂಡೆಯ ಸಂದಿಯಲ್ಲಿ ಅಡಗಿದ ಮೀನೊಂದನ್ನು ಇಣುಕಿ ನೋಡುತ್ತ ಹಿಂದುಳಿದೆ. ತಲೆ ಎತ್ತಿದಾಗ ಮಾಸ್ಟರು ಮುಂದೆ ಹೋಗಿದ್ದರು. ಅವರ ಎಡಗಡೆ ಖಾಲಿ ನೀರು. ಅವರು ಆ ಕಡೆ ತಿರುಗಿದರು, ಉಂಗುರ ಮಾಡಿದರು, ಕಾದರು. ನಾನಿಲ್ಲವೆಂದು ಹುಡುಕಲಿಲ್ಲ, ಗಾಬರಿಯಾಗಲಿಲ್ಲ. ಇರುವವರನ್ನೇ ನೋಡಿದ ಹಾಗೆ ಆ ನೀರನ್ನು ನೋಡಿ, ತಲೆಯಾಡಿಸಿ, ಮುಂದೆ ಈಜಿದರು.

ಕೇಳಿದ್ದಕ್ಕೆ ಹೇಳಿದ್ದು ಬೋಟು ನಡೆಸುವ ಅಜ್ಜ. ಮಾಸ್ಟರ ಹೆಂಡತಿಯೂ ಇದೇ ಬೋಟಿನಲ್ಲಿ ಡೈವಿಂಗ್ ಕಲಿಸುತ್ತಿದ್ದಳಂತೆ, ಯಾವಾಗಲೂ ಗಂಡನ ಎಡಗಡೆ. ಒಂದು ಬೆಳಿಗ್ಗೆ ದೂರದ ಹವಳದ ದಿಬ್ಬದಲ್ಲಿ ಇಬ್ಬರೇ ಇಳಿದಾಗ ಸೆಳೆತ ಎದ್ದಿತು. ತಿರುಗಿ ನೋಡಿದರೆ ಅವಳಿಲ್ಲ. ಸಿಲಿಂಡರಿನಲ್ಲಿ ಗಾಳಿ ಮುಗಿಯುವವರೆಗೆ ಹುಡುಕಿ, ಕೊನೆಗೆ ಇವರೊಬ್ಬರೇ ಮೇಲೆ ಬಂದರು. ಅವಳು ಮತ್ತೆ ಸಿಗಲೇ ಇಲ್ಲ.

"ಜೊತೆಗಿಳಿದ ಜೋಡಿಗೆ ಹೇಳದೆ ಮೇಲೆ ಬರಬಾರದು ಕಣಮ್ಮ. ಈ ಕಸುಬಿನಲ್ಲಿ ಅದೇ ದೊಡ್ಡ ಮಾತು," ಎಂದರು ಅಜ್ಜ. "ಆವತ್ತು ಹೇಳದೆ ಬಂದ. ಅದಕ್ಕೇ ದಿನಾ ಕೆಳಗೆ ಹೋಗಿ ಅವಳನ್ನ ವಿಚಾರಿಸ್ಕೊಂಡು ಬರ್ತಾನೆ. ಮೊದಲ ದಿನ ನೀನು ಸನ್ನೆ ಮಾಡಿದೆಯಲ್ಲ, ಅವಳೇ ಉತ್ತರ ಕೊಟ್ಟಳು ಅಂದ್ಕೊಂಡು ಬೋಟಿಗೆ ಬಂದ್ಮೇಲೂ ನಡುಗ್ತಿದ್ದ."

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ನಾಚಿಕೆಗೇಡು ಎಂದು ಗೊತ್ತಿದ್ದೂ ಪಟ್ಟೆ. ಅದರ ಬೆನ್ನಿಗೇ ಹೆದರಿಕೆಯಾಯಿತು. ಇಷ್ಟು ದಿನ ನಾನು ಈಜಿದ್ದು ಅವಳ ಜಾಗದಲ್ಲಿ, ಆಡಿದ್ದು ಅವಳ ಉತ್ತರ. ರೂಮಿನ ಕನ್ನಡಿಯಲ್ಲಿ ಒದ್ದೆ ಕೂದಲಿನ ನನ್ನ ಮುಖವನ್ನು ಎರಡು ಸಲ ನೋಡಿ ನಾನೇ ಎಂದು ಖಾತ್ರಿ ಮಾಡಿಕೊಂಡೆ.

ಆ ಮಧ್ಯಾಹ್ನ ದಡದ ಕಟ್ಟೆಯ ಮೇಲೆ ಮಾಸ್ಟರು ಮಾಸ್ಕುಗಳನ್ನು ಸಿಹಿನೀರಿನಲ್ಲಿ ಅದ್ದಿ ತೊಳೆಯುತ್ತಿದ್ದರು. ಪಕ್ಕದಲ್ಲಿ ಕೂತೆ.

"ನಾಳೆ ನಾನು ಬಲಗಡೆ ಇರ್ತೀನಿ."

ಅವರ ಕೈ ನಿಂತಿತು. "ಅಜ್ಜ ಹೇಳಿದ್ರಾ?"

"ಹೂಂ. ನೀವು ಕೇಳೋದು ನನ್ನನ್ನಲ್ಲ. ಇನ್ನೊಬ್ಬರ ಪ್ರಶ್ನೆಗೆ ನಾನು ಉತ್ತರ ಕೊಡ್ತಾ ಇದ್ದೆ."

"ನೀವು ಉತ್ತರ ಕೊಟ್ಟ ದಿನ ನಂಗೆ ನಿದ್ದೆ ಬಂತು, ಟೀಚರ್. ಎಷ್ಟೋ ವರ್ಷ ಆಗಿತ್ತು."

ಹಾಗೇ ಸುಮ್ಮನಾಗಿಬಿಡಬಹುದಿತ್ತು. ಸುಮ್ಮನಾಗಿದ್ದರೆ ಆ ಕೈ ನನ್ನದಾಗಿಯೇ ಉಳಿಯುತ್ತಿತ್ತು.

"ನಿಮ್ಗೆ ನಿದ್ದೆ ಬರ್ಲಿ ಅಂತ ನಾನು ಅವರಾಗಿ ಇರೋಕಾಗಲ್ಲ. ನಂಗೆ ನೀವು ಬೇಕು. ಆದ್ರೆ ನನ್ನನ್ನ ಕೇಳೋ ನೀವು ಬೇಕು."

ಅವರು ತೊಳೆದ ಮಾಸ್ಕನ್ನೇ ಮತ್ತೆ ತೊಳೆಯತೊಡಗಿದರು. ಎದ್ದು ಬಂದುಬಿಟ್ಟೆ.

ಕೊನೆಯ ದಿನ ಭಾವ ಬಿಸಿಲಿಗೆ ಬೆನ್ನು ಸುಟ್ಟುಕೊಂಡು ಅಕ್ಕನ ಶುಶ್ರೂಷೆಯಲ್ಲಿದ್ದರು. ನಾನೊಬ್ಬಳೇ ಬೋಟಿಗೆ ಬಂದೆ. ಮಾಸ್ಟರು ಅಜ್ಜನಿಗೆ ದೂರದ ದಿಬ್ಬದ ಕಡೆ ಕೈ ತೋರಿಸಿದರು. ಅಜ್ಜ ಒಮ್ಮೆ ಅವರ ಮುಖ ನೋಡಿ ಬೋಟು ತಿರುಗಿಸಿದರು.

ಅಲ್ಲಿನ ಹವಳ ಬಣ್ಣ ಕಳೆದುಕೊಂಡು ಬಿಳಿಚಿತ್ತು. ದಿಬ್ಬದ ಅಂಚು ಮುಗಿದಲ್ಲಿ ಕಡುನೀಲಿ ಆಳ, ಕೆಳಗೆ ಏನೂ ಕಾಣುತ್ತಿರಲಿಲ್ಲ. ನಾನು ಬಲಗಡೆಯೇ ಉಳಿದೆ. ಅವರು ಎಡಕ್ಕೆ ತಿರುಗಿ ಉಂಗುರ ಮಾಡಿದರು. ಅಭ್ಯಾಸಬಲದಿಂದ ನನ್ನ ಬೆರಳು ಎದ್ದೀತೆಂದು ಮುಷ್ಟಿ ಬಿಗಿಹಿಡಿದೆ. ಅವರು ಬಹಳ ಹೊತ್ತು ಕಾದರು. ನನ್ನ ಉಸಿರಿನ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಆಮೇಲೆ ಅವರು ಉಂಗುರ ಬಿಡಿಸಿ ಹೆಬ್ಬೆರಳನ್ನು ಮೇಲಕ್ಕೆತ್ತಿದರು. ಮುಳುಗುವವರ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ. ನಾನು ಮೇಲೆ ಹೋಗುತ್ತಿದ್ದೇನೆ.

ಎಡಗಡೆ ಒತ್ತಾಗಿ ನಿಂತಿದ್ದ ನೀಲಿ ಮೀನುಗಳ ಗುಂಪು ಆಗ ಇಬ್ಭಾಗವಾಯಿತು. ಯಾರೋ ನಡುವೆ ಹಾದುಹೋಗುವಾಗ ದಾರಿ ಬಿಟ್ಟ ಹಾಗೆ ತೆರೆದು, ಆಳದವರೆಗೂ ಆ ದಾರಿ ಇಳಿದು, ಮತ್ತೆ ಕೂಡಿಕೊಂಡಿತು. ಸೆಳೆತ ಇದ್ದಿರಬಹುದು. ದೊಡ್ಡ ಮೀನು ಬಂದಿರಬಹುದು. ಅವರೂ ಅದನ್ನು ನೋಡಿದರು ಎನ್ನುವುದು ಮಾತ್ರ ನನಗೆ ಗೊತ್ತು.

ಮೇಲೆ ಬಂದಾಗ ಬಿಸಿಲು ಕಣ್ಣು ಕುಕ್ಕಿತು. ಬೋಟಿನ ಏಣಿ ಹಿಡಿದು ಅವರು ಮಾಸ್ಕ್ ಕಿತ್ತು ತೆಗೆದರು. ಕೆನ್ನೆಯ ಮೇಲಿದ್ದದ್ದು ಸಮುದ್ರದ ನೀರಷ್ಟೇ ಆಗಿರಲಿಲ್ಲ. ಅಜ್ಜ ನಮಗೆ ಬೆನ್ನು ಹಾಕಿ ಹಗ್ಗ ಸುತ್ತತೊಡಗಿದರು.

"ಹುಷಾರಾಗಿದ್ದೀರಾ?"

ನಾನು ಹಿಂದೆ ತಿರುಗಿ ನೋಡಿದೆ.

"ನಿಮ್ಮನ್ನೇ ಕೇಳ್ತಿರೋದು, ಟೀಚರ್."

"ಇಲ್ಲ," ಎಂದೆ. "ನಾಳೆ ಹೊರಡಬೇಕಲ್ಲ. ಹೇಗೆ ಹುಷಾರಾಗಿರ್ಲಿ?"

ಅವರು ನಕ್ಕರು. ಆ ನಗು ನಾನು ನೋಡಿರಲೇ ಇಲ್ಲ, ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದಿ ಇತ್ತು. "ಹೊರಡಬೇಡಿ," ಎಂದರು. ಅಷ್ಟು ಸಾಕಾಯಿತು. ಅಕ್ಕನಿಗೆ ಏನು ಹೇಳುವುದೆಂದು ದಾರಿಯಲ್ಲಿ ಯೋಚಿಸಿದರಾಯಿತು.

ಅವರು ಮೊದಲು ಹತ್ತಿ ನನಗೆ ಕೈ ಚಾಚಿದರು. ನಾನು ಆ ಕೈ ಹಿಡಿದೆ. ಇನ್ನೊಂದು ಕೈ ಇನ್ನೂ ನೀರಿನೊಳಗಿತ್ತು. ಅವರಿಗೆ ಕಾಣದ ಹಾಗೆ, ಕೆಳಗಿನ ಕತ್ತಲೆಗೆ, ನಾನೂ ಹೆಬ್ಬೆರಳೆತ್ತಿ ತೋರಿಸಿದೆ.