ಗುಬ್ಬಿ ಮಲಗಿದ ಮೇಲೆ

ಮಗು ಅಪ್ಪನ ಮನೆಯಲ್ಲೂ ರಾತ್ರಿ ಉಳಿಯಬಲ್ಲದೇ ಎಂದು ನೋಡಿಕೊಂಡು ಬರಲು ಕೋರ್ಟು ಕಳಿಸಿದ್ದ ಸಮಾಲೋಚಕಿ, ವಿಚ್ಛೇದನಕ್ಕೆ ಹೊರಟ ಗಂಡಹೆಂಡಿರಿಗೆ ಒಂದು ಕೆಲಸ ಕೊಟ್ಟರು.

"ಇಬ್ಬರೂ ಸೇರಿ ಮಗಳ ಬ್ಯಾಗ್ ತುಂಬಿ. ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ."

ಎರಡು ಕಣ್ಣು ನೆಟ್ಟು ಕೂತವರನ್ನು ಇಲ್ಲ ಅಂದುಕೊಳ್ಳುವುದು ಹೇಗೆ? ಎಣ್ಣೆ ಸೀಗೆಕಾಯಿಯಂತಿದ್ದ ಜೋಡಿ ಅರೆಗಳಿಗೆಯಲ್ಲಿ ಹಾಲು ಜೇನಾಯಿತು.

"ಸ್ವೆಟರ್ ಇಡ್ತೀರಾ?"

"ಇಟ್ಟಾಯ್ತು. ನೀವು ಬ್ರಷ್ ನೋಡಿ."

"ಅಮ್ಮಾ, ಯಾಕೆ ಇಬ್ರೂ ಟೀಚರ್ ಥರ ಮಾತಾಡ್ತಿದೀರಾ?" ಎಂದಳು ಆರು ವರ್ಷದ ಗುಬ್ಬಿ.

ಅವನ ನೋಟ ಅವಳ ನೋಟಕ್ಕೆ ಸಿಕ್ಕಿಬಿದ್ದು, ನಗು ತಡೆದುಕೊಂಡು, ಬ್ಯಾಗಿನೊಳಗೆ ತಲೆಮರೆಸಿಕೊಂಡಿತು.

ಅವಳ ಬಳಿ ಒಂದು ಸುಳ್ಳು ಸಿದ್ಧವಾಗಿತ್ತು. ನಾನಿಲ್ಲದೆ ಮಗುವಿಗೆ ನಿದ್ದೆ ಬರೋಲ್ಲ. ಅಷ್ಟಂದರೆ ಸಾಕು, ಗುಬ್ಬಿಯನ್ನು ಮಲಗಿಸಲು ಅವನು ಈಗಿನಂತೆ ದಿನಾ ಸಂಜೆ ಇಲ್ಲಿಗೇ ಬರಬೇಕು. ಗಂಡ ಬೇಡವೆಂದು ಅರ್ಜಿ ಹಾಕಿದವಳು ಅವನ ಚಪ್ಪಲಿ ಸದ್ದಿಗೆ ಕಾದು ಕೂರುತ್ತಾಳೆಂದು ಯಾವ ಬಾಯಿಂದ ಹೇಳುವುದು!

ಅವನು ಮಗಳ ಸಾಕ್ಸ್‌ಗಳ ಒಳಮೈ ಹೊರಗೆ ಮಾಡಿ ಮಡಿಸುತ್ತಿದ್ದ.

"ಅದು ಉಲ್ಟಾ."

"ಹೊಲಿಗೆ ಒಳಗಿದ್ರೆ ಬೆರಳಿಗೆ ಒತ್ತುತ್ತಂತೆ. ಬೆಳಿಗ್ಗೆ ಅಳೋದು ಅದಕ್ಕೇ."

ದಿನಾ ಬೆಳಿಗ್ಗೆ ಹಟಮಾರಿ ಎಂದು ಗದರುತ್ತಿದ್ದವಳು ಇನ್ನೊಂದು ಜೊತೆ ಸಾಕ್ಸ್ ಎತ್ತಿಕೊಂಡು ತಾನೂ ಉಲ್ಟಾ ಮಾಡಿದಳು.

"ಅಪ್ಪನ ಮನೇಲಿ ಮಲಗ್ತಾಳಾ?" ಸಮಾಲೋಚಕಿ ಅವಳನ್ನೇ ಕೇಳಿದರು.

ಸುಳ್ಳು ಗಂಟಲವರೆಗೆ ಬಂತು. ನುಂಗಿಕೊಂಡಳು.

"ಮಲಗ್ತಾಳೆ. ಅವರು ಕಥೆ ಶುರು ಮಾಡಿದ್ರೆ ಸಾಕು."

"ಹಾಗಾದ್ರೆ ಇವತ್ತೇ ಕರ್ಕೊಂಡು ಹೋಗಲಿ," ಎಂದು ಸಮಾಲೋಚಕಿ ಗುಬ್ಬಿಗೆ ಚಪ್ಪಲಿ ಹಾಕಿಸಲು ಎದ್ದರು.

"ಥ್ಯಾಂಕ್ಸ್," ಎಂದ ಅವನು, ಜಿಪ್ ಎಳೆಯುತ್ತ. "ಇನ್ನು ಸಂಜೆ ಬಂದು ತೊಂದರೆ ಕೊಡಲ್ಲ."

"ತೊಂದರೆ ಅಂತ ಯಾರಂದ್ರು? ಬಾಗಿಲ ಹಿಂದೆ ನಿಂತು ನಾನೂ ಕೇಳ್ತಿದ್ದೆ ಕಥೆ."

"ಗೊತ್ತು. ನೆರಳು ಕಾಣ್ತಿತ್ತು. ಗುಬ್ಬಿ ಮಲಗಿದ ಮೇಲೂ ಅದಕ್ಕೇ ನಿಲ್ಲಿಸ್ತಿರಲಿಲ್ಲ."

ಅವಳ ಕಣ್ಣು ತುಂಬಿತು. "ಮೊದಲೇ ಹೇಳಬಾರದಿತ್ತಾ?"

"ನಮಗೆ ಜಗಳಕ್ಕೇ ಪುರುಸೊತ್ತು ಸಾಲ್ತಿರಲಿಲ್ಲವಲ್ಲ!"

ಇಬ್ಬರೂ ನಕ್ಕರು. ಇನ್ನೊಂದು ಮಾತಾಡಿದರೆ ಈ ನಗುವೂ ಜಗಳವಾಗುತ್ತದೆಂಬ ಅನುಭವ ಇಬ್ಬರಿಗೂ ಇತ್ತು. ಅವನು ಬ್ಯಾಗ್ ಹೆಗಲಿಗೇರಿಸಿದ.

ಮೆಟ್ಟಿಲಿಳಿಯುವಾಗ ಗುಬ್ಬಿಯ ಒಂದು ಕೈ ಅವನ ಕೈಯಲ್ಲಿತ್ತು. ಇನ್ನೊಂದನ್ನು ಅಮ್ಮ ಕೊನೆಯ ಮೆಟ್ಟಿಲಿನವರೆಗೂ ಹಿಡಿದಿದ್ದು, ಆಮೇಲೆ ಬಿಟ್ಟಳು.