ಹಸು ಕೊಂದ ಚಾರ್ಜರ್

ಸೌಮ್ಯ ಬಾಗಿಲು ಬಡಿದಾಗ ಬೆಟ್ಟಕ್ಕನಿಗೂ ನನಗೂ ಜೋರು ಜಗಳ ನಡೆದಿತ್ತು. ಬೆಟ್ಟಕ್ಕ ಕರೆಂಟಿನ ಕಾರು ಬುಕ್ ಮಾಡಿದ್ದರು. ಮನೆಗೆ ಯಾವ ಚಾರ್ಜರ್ ಹಾಕಿಸುವುದು ಎಂದು ನಾಲ್ಕು ಅಂಗಡಿಗಳ ಕಾಗದ ಹರಡಿಕೊಂಡು ಕೂತಿದ್ದೆವು. ಕೂತಿದ್ದವನು ನಾನೊಬ್ಬನೇ. ಬೆಟ್ಟಕ್ಕ ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಸುತ್ತುತ್ತಿದ್ದರು. ಮಂಡ್ಯದ ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿ ನಿವೃತ್ತರಾದ ಮೇಲೆ ಅವರು ಕುರ್ಚಿಯ ಸಹವಾಸವನ್ನೇ ಬಿಟ್ಟಿದ್ದರು. ಸುಳ್ಳು ಹೇಳಿಕೆ ಮಾತ್ರ ಅವರಿಗೆ ಈಗಲೂ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಹಾಗಾಗಿ ದಿಕ್ಕು ತೋಚದವರೆಲ್ಲ ಅವರ ಮನೆ ಹುಡುಕಿಕೊಂಡು ಬರುತ್ತಿದ್ದರು. ನಾನು ಸ್ವಾಮಿ, ಬಸ್ ಡ್ರೈವರ್ ಆಗಿದ್ದವನು. ನನ್ನ ಪೆಟ್ರೋಲ್ ವ್ಯಾನಿನಲ್ಲಿ ಅವರನ್ನು ಸುತ್ತಾಡಿಸುವುದು, ಬೈಸಿಕೊಳ್ಳುವುದು, ಆಮೇಲೆ ಎಲ್ಲ ಬರೆದಿಡುವುದು ನನ್ನ ಪಾಲಿನ ಕೆಲಸ.

"ಪೆಟ್ರೋಲಿಗೆ ಏನ್ ದಾಡಿ ಬಂದಿತ್ತಕ್ಕ? ಈ ಕಾಗದ ಓದಿ ಓದಿ ನನ್ನ ತಲೆ ಮೊಸರು ಗಡಿಗೆ ಆಗೈತೆ" ಎನ್ನುತ್ತಿದ್ದೆ. ಅಷ್ಟರಲ್ಲಿ ಬಾಗಿಲು ಬಡಿದ ಸೌಮ್ಯ ಒಳಗೆ ಬಂದು ಅಳಲು ಶುರುಮಾಡಿದಳು. ಗೆಜ್ಜಲಗೆರೆಯ ಗಾರ್ಮೆಂಟ್ಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು.

"ನಮ್ಮೆಜಮಾನ್ರನ್ನ ಉಳ್ಸಿಕೊಡಿ ಅಕ್ಕ. ಮಹದೇವು ಅಂತ, ಎಲೆಕ್ಟ್ರಿಷಿಯನ್ನು. ಕೆಂಚನದೊಡ್ಡೀಲಿ ವೀಣ ಮೇಡಂ ಕಾರಿಗೆ ಚಾರ್ಜರ್ ಹಾಕ್ಕೊಟ್ಟಿದ್ರು. ಮೊನ್ನೆ ಬೆಳಗ್ಗೆ ಅವ್ರ ಹಸ ಕರೆಂಟ್ ಹೊಡ್ದು ಸತ್ತೋಯ್ತು. ನಿನ್ ಚಾರ್ಜರಿಂದ್ಲೇ ಕರೆಂಟು ಲೀಕಾಗಿ ಸತ್ತಿದ್ದು ಅಂತವ್ರೆ. ಇವತ್ತು ಸಂಜೆ ಐದಕ್ಕೆ ಸ್ಟೇಸನ್ನಿಗೆ ಕಂಪ್ಲೇಂಟು ಕೊಡ್ತಾರಂತೆ."

"ಕೊಟ್ಟರೆ?"

"ಲೈಸೆನ್ಸು ಓಯ್ತದೆ ಅಕ್ಕ. ಒಂಬತ್ತು ವರ್ಷ ಅವ್ರಿವ್ರ ಕೈಕೆಳಗೆ ಗೇದು ತಗೊಂಡ ಲೈಸೆನ್ಸು. ಹಸ ಕೊಂದವ್ನು ಅಂತ ಹೆಸ್ರು ಬಂದ್ರೆ ಯಾರ್ ಕರೀತಾರೆ? ಟೂಲ್ಸ್ ಬ್ಯಾಗ್ ಅಟ್ಟಕ್ಕೆ ಇಕ್ಬುಟ್ಟು ಎರಡು ದಿನದಿಂದ ಅನ್ನ ಮುಟ್ಟಿಲ್ಲ."

"ಕೊಟ್ಟಿಗೆಯ ವೈರಿಂಗೂ ಮಹದೇವುದೇನಾ?"

"ಅಯ್ಯೋ, ಕೊಟ್ಟಿಗೆ ಹೊಸ್ಲು ತುಳಿಯಂಗೇ ಇಲ್ಲ ನಮ್ಮೋರು! ಅಲ್ಲಿ ದೀಪದ ಗೂಡೈತೆ, ಯಜಮಾನ್ತಿ ಹೊಂಬಾಳಮ್ಮೋರು ಪೂಜೆ ಮಾಡ್ತಾರೆ. ಇವ್ರು ಕಾರಿನ ಸೆಡ್ಡಲ್ಲಿ ಕೆಲ್ಸ ಮಾಡಿ ಹಂಗೇ ಬಂದ್ರು."

ಬೆಟ್ಟಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದರು. "ಏಳೋ ಸ್ವಾಮಿ, ಗಂಟೆ ಹನ್ನೊಂದಾಯ್ತು."

ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗುವವರೆಗೂ ಅವರು ವ್ಯಾನಿನ ಕಿಟಕಿ ಗಾಜನ್ನು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ನನಗೆ ರೇಗಿಹೋಯಿತು. ಆದರೆ ಹಿಂದಿನ ಸೀಟಿನಲ್ಲಿ ಸೌಮ್ಯ ಎರಡು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದಳು. ಅದನ್ನು ಕಂಡು ಸುಮ್ಮನಾದೆ.

ಕೆಂಚನದೊಡ್ಡಿಯ ಆ ಮನೆಯ ಎಡಕ್ಕೆ ಕಾರಿನ ಶೆಡ್ಡು, ಅದಕ್ಕೆ ಅಂಟಿಕೊಂಡಂತೆ ದನದ ಕೊಟ್ಟಿಗೆ. ಜಗುಲಿಯ ಮೇಲೆ ಹೊಂಬಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಮಗ ಯತೀಶ್ ಹಸುಗಳನ್ನು ನೋಡಿಕೊಳ್ಳುವವನು, ಎತ್ತರದ ಆಳು, ನಮ್ಮನ್ನು ಕಂಡದ್ದೇ ಮುಖ ಗಂಟು ಹಾಕಿದ. ಅವನ ಹೆಂಡತಿ ವೀಣ ಮಳವಳ್ಳಿ ಕಾಲೇಜಿನ ಲೆಕ್ಚರರ್, ಕಾರು ಅವಳದು. ಇನ್ನೊಬ್ಬ ಪುನೀತ್, ಯತೀಶನ ಚಿಕ್ಕಪ್ಪನ ಮಗ. ಮದ್ದೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ. ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನೂ ಅವನೇ.

"ನಾನ್ ಅವತ್ತೇ ಬಡ್ಕಂಡೆ. ನನ್ ಅಂಗ್ಡೀಲಿ ಸುಮ್ನೆ ಪ್ಲಗ್ಗಿಗೆ ಚುಚ್ಚೋ ಚಾರ್ಜರ್ ಐತೆ. ಕೆಂಪು ದೀಪ ಇಲ್ಲ, ಹಸ್ರು ದೀಪ ಇಲ್ಲ, ತೆಪ್ಪಗೆ ಬಿದ್ದಿರ್ತದೆ ಅಂತ. ಅತ್ಗೆ ನನ್ ಮಾತ್ ಕೇಳ್ಳಿಲ್ಲ. ಆ ಗೋಡೆ ಡಬ್ಬ ತಂದು ನೇತಾಕ್ಸವ್ರೆ!"

ವೀಣ ತಾಳ್ಮೆ ಕಳೆದುಕೊಳ್ಳದೆ ಹೇಳಿದಳು. "ಕಾರು ಗಂಟೆಗಟ್ಟಲೆ ಕರೆಂಟ್ ಎಳೆಯುತ್ತೆ, ಏನಾದ್ರೂ ಹೆಚ್ಚುಕಮ್ಮಿಯಾದ್ರೆ ತಾನೇ ನಿಲ್ಲೋ ಚಾರ್ಜರ್ ಬೇಕು ಅಂತ ಮಹದೇವು ಹೇಳಿದ. ನಂಗೆ ಸರಿ ಅನ್ನಿಸ್ತು. ಅದಕ್ಕೇ ಅಂತ ಗುಂಡಿ ತೋಡಿ, ತಾಮ್ರದ ಪ್ಲೇಟ್ ಇಟ್ಟು, ಉಪ್ಪು ಇದ್ದಿಲು ತುಂಬಿ, ಲೀಕಾದ ಕರೆಂಟು ನೆಲಕ್ಕಿಳಿಯೋ ಹಾಗೆ ಬೇರೆ ಅರ್ತಿಂಗ್ ಮಾಡಿಕೊಟ್ಟ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಕೆಂಪು ದೀಪ ತೋರಿಸಿ ನಿಂತುಹೋಗೋಕೆ ಶುರುವಾಯ್ತು."

"ಯಾವಾಗಿಂದ?"

ಅವಳು ಮೊಬೈಲು ತೆಗೆದು ತೋರಿಸಿದಳು. ಚಾರ್ಜರ್ ನಿಂತ ಹೊತ್ತೆಲ್ಲ ಅದರಲ್ಲಿ ದಾಖಲಾಗಿತ್ತು. ಬೆಟ್ಟಕ್ಕ ಓದಿದಂತೆ ನಾನು ಬರೆದುಕೊಂಡೆ. ಮೊದಲನೆಯದು ಮಾರ್ಚ್ ನಾಲ್ಕರ ಸಂಜೆ. ಒಟ್ಟು ಹನ್ನೊಂದು ಸಲ. ಬೆಳಿಗ್ಗೆಯಾದರೆ ಆರರಿಂದ ಏಳರೊಳಗೆ, ಸಂಜೆಯಾದರೆ ಐದರಿಂದ ಆರರೊಳಗೆ. ಬೇರೆ ಹೊತ್ತಿನಲ್ಲಿ ಒಮ್ಮೆಯೂ ಇಲ್ಲ.

ಮಹದೇವು ರಸ್ತೆಯಾಚೆ ಹೊಂಗೆ ಮರದ ಕೆಳಗೆ ನಿಂತಿದ್ದ. ಬೆಟ್ಟಕ್ಕ ಅವನ ಹತ್ತಿರ ಹೋದರು. "ಕೆಂಪು ಬರ್ತದೆ ಅಂತ ನಿನ್ನ ಕರೆಸಲಿಲ್ವೇನಪ್ಪ?"

"ಮೇಡಂ ಎರಡು ಸಲ ಕರೆಸಿದ್ರಕ್ಕ. ಎರಡು ಸಲಾನೂ ಮಟಮಟ ಮಧ್ಯಾಹ್ನ ಬಂದೆ. ಚಾರ್ಜರಿಗೆ ಮೀಟ್ರಿಟ್ಟು ನೋಡ್ದೆ, ಎಲ್ಲ ಸರಿ ಇತ್ತು. ಹಸ್ರು ದೀಪಾನೇ ಉರೀತಿತ್ತು."

"ಆ ಗುಂಡಿ ಹತ್ರ ಬೇರೆ ಯಾರಾದ್ರೂ ಹೋಗಿದ್ರಾ?"

ಅವನು ಹಿಂಜರಿದ. "ಹೋದ್ ವಾರ ಪುನೀತಣ್ಣ ಅಲ್ಲಿ ಮಂಡಿಯೂರಿ ಕೂತಿದ್ದು ಕಂಡೆ."

ಸಿಕ್ಕಿಬಿದ್ದ ಅಂದುಕೊಂಡೆ ನಾನು. ವ್ಯಾಪಾರ ಕೈತಪ್ಪಿದ ಹೊಟ್ಟೆಯುರಿಗೆ ಈ ಪುನೀತನೇ ಏನೋ ಕಿತಾಪತಿ ಮಾಡಿದ್ದಾನೆ! ಕೇಳಿದರೆ ಅವನು ಕೆಂಪಗಾಗಿ, "ಯಾಕ್ ಕೆಟ್ಟೋಯ್ತು ಅಂತ ನೋಡಕ್ ಹೋಗಿದ್ದೆ ಕಣ್ರೀ, ನೋಡದೂ ತಪ್ಪಾ?" ಎಂದು ಹಾರಾಡಿದ. ನಾನು ಬೆಟ್ಟಕ್ಕನಿಗೆ ಕಣ್ಸನ್ನೆ ಮಾಡಿದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಗುಂಡಿ ಇದ್ದದ್ದು ಕೊಟ್ಟಿಗೆಯ ಹೊರಗೋಡೆಯ ಬುಡದಲ್ಲಿ. ಅಲ್ಲಿಂದ ತಾಮ್ರದ ಪಟ್ಟಿಯೊಂದು ಮೇಲೆದ್ದು ಚಾರ್ಜರಿನ ಕಡೆ ಹೋಗಿತ್ತು. ಪಟ್ಟಿಯೆಲ್ಲ ಬಣ್ಣಗೆಟ್ಟು ಮಂಕಾಗಿದ್ದರೂ ಒಂದು ಕಡೆ ಬೆರಳಗಲ ಜಾಗ ಮಾತ್ರ ಉಜ್ಜಿದಂತೆ ಮಿರಮಿರ ಹೊಳೆಯುತ್ತಿತ್ತು. ಬೆಟ್ಟಕ್ಕ ಅದನ್ನು ಉಗುರಿನಲ್ಲಿ ಮುಟ್ಟಿ ನೋಡಿ ಎದ್ದರು.

"ಸ್ವಾಮಿ, ಮನೆಯಿಂದ ಕೊಟ್ಟಿಗೆಗೆ ಎಷ್ಟು ತಂತಿ ಹೋಗಿದೆ ನೋಡು."

ಮೇಲೆ ನೋಡಿದೆ. ಒಂದೇ ತಂತಿ. ಇನ್ನೊಂದರ ತುಂಡು ಕೊಟ್ಟಿಗೆಯ ಗೋಡೆಯ ಮೇಲೆ ಸುರುಳಿ ಸುತ್ತಿಕೊಂಡು ನೇತಾಡುತ್ತಿತ್ತು. ತಂತಿ ಹಿಡಿದಿದ್ದ ಕಬ್ಬಿಣದ ತೋಳು ಸೊಟ್ಟಗಾಗಿತ್ತು.

"ಕಬ್ಬಿನ ಟ್ರ್ಯಾಕ್ಟರ್ ತಗುಲಿ ಕಿತ್ತುಹೋಯ್ತು. ಮಾರ್ಚ್ ಮೂರಕ್ಕೆ, ನನ್ನ ಎಗ್ಸಾಮ್ ಡ್ಯೂಟಿ ಲಿಸ್ಟ್ ಬಂದ ದಿನ" ಎಂದಳು ವೀಣ.

"ಅದು ಯಾವ್ದೋ ಹಳೇ ಬಲ್ಬಿನ ತಂತಿ, ಇದ್ರೂ ಒಂದೇ ಹೋದ್ರೂ ಒಂದೇ" ಎಂದ ಯತೀಶ್.

ಕೊಟ್ಟಿಗೆಯೊಳಗೆ ಎರಡು ಹಸುಗಳು ಮೆಲುಕು ಹಾಕುತ್ತಿದ್ದವು. ಗೋಡೆಯುದ್ದಕ್ಕೂ ಕಬ್ಬಿಣದ ಪೈಪು. ಹಸುಗಳ ಸರಪಳಿ ಅದಕ್ಕೇ ಬಿಗಿದಿತ್ತು. ಮೂರನೆಯ ಸರಪಳಿ ಖಾಲಿ. ಕತ್ತಲೆಂದು ದೀಪದ ಸ್ವಿಚ್ಚು ಒತ್ತಿದೆ, ಹತ್ತಲಿಲ್ಲ. ಬಲ್ಬು ಕೆಟ್ಟಿರಬೇಕೆಂದು ಬಿಟ್ಟೆ. ಮೂಲೆಯಲ್ಲಿ ಹಾಲು ಕರೆಯುವ ಮೆಷಿನ್ನು ಗೋಣಿತಾಟು ಹೊದ್ದು ಕೂತಿತ್ತು.

ಹೊಂಬಾಳಮ್ಮ ಖಾಲಿ ಸರಪಳಿ ಸವರುತ್ತಾ ಕಣ್ಣೀರಿಟ್ಟರು. "ನನ್ ಚುಕ್ಕಿ ಕಣವ್ವ. ಕರು ಆಗಿದ್ದಾಗ್ಲಿಂದ ನಾನೇ ಸಾಕಿದ್ದು. ಹದಿನೈದು ಇಪ್ಪತ್ತು ದಿನದಿಂದ ಮೆಷಿನ್ ಹಾಕಿದ್ರೆ ಸಾಕು, ಕಾಲು ಜಾಡ್ಸೋಳು, ಒದ್ದಾಡೋಳು. ಮೆಷಿನ್ ನಿಲ್ಸಿ ನಾನು ಕೈಲಿ ಕರೆದ್ರೆ ಮಗೀನಂಗೆ ನಿಂತ್ಕಳೋಳು. ಯಾರ್ದೋ ಕಣ್ಣು ಬಿತ್ತು ಅಂತ ಮೆಣಸಿನಕಾಯಿ ನಿವಾಳ್ಸಾಕ್ದೆ. ಅದೇನ್ ಹೇಳ್ತಿತ್ತೋ, ನಂಗ್ ತಿಳೀನಿಲ್ಲ."

ಬೆಟ್ಟಕ್ಕ ಆಕೆಯ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಅಷ್ಟು ಹೊತ್ತು ಅವರು ಒಂದೇ ಕಡೆ ನಿಂತಿದ್ದನ್ನು ನಾನು ಅದೇ ಮೊದಲು ಕಂಡಿದ್ದು.

"ಯತೀಶಪ್ಪ, ಮೆಷಿನ್ನಲ್ಲಿ ಕಡೆಯದಾಗಿ ಯಾವಾಗ ಕರೆದಿರಿ?"

"ಚುಕ್ಕಿ ಸತ್ತ ದಿನಾನೇ, ಬೆಳಗ್ಗೆ ಆರೂಕಾಲಿಗೆ ಕರೀತಿದ್ದಾಗ್ಲೇ ಸತ್ತಿದ್ದು. ಅಲ್ಲೀಗಂಟ ದಿನಾ ಎರಡೊತ್ತೂ ಮೆಷಿನ್ನೇ. ಈಗ ಹಸಗಳು ಹೆದ್ರಿಕೊಂಡವೆ ಅಂತ ಕೈಲಿ ಕರೀತಿದೀವಿ."

ಆಮೇಲೆ ಬೆಟ್ಟಕ್ಕ ಊರಿನ ಬೀದಿಯಲ್ಲಿ ನಾಲ್ಕು ಸಲ ಮೇಲಿಂದ ಕೆಳಗೆ ನಡೆದರು. ನಾನೂ ಹಿಂದೆ ಹಿಂದೆ ನಡೆದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಮೂರು ಹೊಡೆಯಿತು, ನಾಲ್ಕಾಯಿತು. ದೂರಿನ ಕಾಗದ ಯತೀಶನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಮಹದೇವು ಮರದ ಬುಡ ಬಿಟ್ಟು ಕದಲಿರಲಿಲ್ಲ. "ಅಕ್ಕ, ಆ ಪುನೀತನ್ನ ಎರಡು ತದುಕಿದ್ರೆ ಬಾಯಿ ಬಿಡ್ತಾನೆ" ಎಂದೆ.

"ಅವನ ಬಾಯಿ ಯಾವತ್ತು ಮುಚ್ಚಿತ್ತು?" ಎಂದರು ಅವರು. "ಎಲ್ಲರನ್ನೂ ಕೊಟ್ಟಿಗೆ ಮುಂದೆ ಸೇರಿಸು."

ಅಕ್ಕಪಕ್ಕದವರೂ ಬಂದು ನೆರೆದರು. ಬೆಟ್ಟಕ್ಕ ಕೊಟ್ಟಿಗೆಯ ಬಾಗಿಲಿಗೂ ಕಾರಿನ ಶೆಡ್ಡಿಗೂ ನಡುವೆ ಓಡಾಡುತ್ತಲೇ ಮಾತು ತೆಗೆದರು.

"ವೀಣಮ್ಮ, ಚುಕ್ಕಿ ಸತ್ತ ದಿನ ಬೆಳಗಿನ ಆರೂಕಾಲಿಗೆ ಕಾರು ಎಲ್ಲಿತ್ತು?"

"ಮಳವಳ್ಳಿ ರಸ್ತೇಲಿ. ಎಗ್ಸಾಮ್ ಡ್ಯೂಟಿ ಅಂತ ಐದೂ ಮುಕ್ಕಾಲಿಗೇ ಹೊರಟೆ. ಕಾರು ತೆಗೆದಾಗ ಚಾರ್ಜರಿನ ಮೇನ್ ಸ್ವಿಚ್ಚು ಇಳಿಸಬೇಕು ಅಂತ ಮಹದೇವು ಹೇಳಿಕೊಟ್ಟಿದ್ದ. ಇಳಿಸಿದ್ದೆ. ಸಂಜೆ ಬಂದಾಗಲೂ ಅದು ಕೆಳಗೇ ಇತ್ತು."

"ಅಂದರೆ ಹಸು ಸಾಯುವಾಗ ಚಾರ್ಜರಿಗೆ ಕರೆಂಟೇ ಇರಲಿಲ್ಲ. ಪುನೀತಪ್ಪ, ಕರೆಂಟಿಲ್ಲದ ಡಬ್ಬ ಹಸು ಕೊಲ್ಲುತ್ತದೇನು?"

ಪುನೀತ್ ತಲೆ ಕೆರೆದುಕೊಂಡು, "ಆಗಕ್ಕಿಲ್ಲ" ಎಂದ.

"ಯತೀಶಪ್ಪ, ಈಗ ಮೆಷಿನ್ ಹಾಕು."

"ಹಸಗಳು ಬೆದರ್ತವೆ ಕಣಮ್ಮ."

"ಹಸುಗಳಿಗೆ ಹಾಕಬೇಡ. ಬರೀ ಮೋಟಾರು ಓಡಿಸು."

ಅವನು ಕದಲಲಿಲ್ಲ. ವೀಣ ಗಂಡನ ಮುಖವನ್ನೇ ನೋಡಿದಳು. ಆಮೇಲೆ ತಾನೇ ಒಳಗೆ ಹೋಗಿ ಸ್ವಿಚ್ಚು ಒತ್ತಿದಳು. ಮೋಟಾರು ಗುಂಯ್ ಎನ್ನಲಿಲ್ಲ. ಮೂರು ಸಲ ಒತ್ತಿದಳು. ಒಂದು ಸದ್ದೂ ಇಲ್ಲ.

"ಓಡೋದಿಲ್ಲ ತಾಯಿ. ಕರೆಂಟು ಬರೋಕೆ ಒಂದು ತಂತಿ ಬೇಕು, ವಾಪಸು ಹೋಗೋಕೆ ಇನ್ನೊಂದು. ವಾಪಸು ಹೋಗೋ ತಂತಿ ಮಾರ್ಚ್ ಮೂರಕ್ಕೆ ಕಿತ್ತುಹೋಯ್ತು. ಇಲ್ಲಿ ದೀಪ ಹತ್ತದಿರೋದೂ ಅದಕ್ಕೇ. ಆದರೂ ಚುಕ್ಕಿ ಸಾಯೋವರೆಗೆ ದಿನಾ ಎರಡು ಹೊತ್ತು ಮೆಷಿನ್ ಓಡಿದೆ. ಯಾವ ದಾರೀಲಿ ವಾಪಸು ಹೋಯ್ತು ಆ ಕರೆಂಟು?"

ಬೆಟ್ಟಕ್ಕ ಗೋಡೆಯಾಚೆಗೆ ಕೈ ತೋರಿಸಿದರು.

"ಮಹದೇವು ತೋಡಿದ ಗುಂಡಿಯ ದಾರೀಲಿ. ಯಾರೋ ಕೊಟ್ಟಿಗೆಯಿಂದ ಒಂದು ತಂತಿ ಎಳೆದು ಆ ತಾಮ್ರದ ಪಟ್ಟಿಗೆ ಸುತ್ತಿದ್ದಾರೆ. ಸುತ್ತಿದ ಜಾಗ ಹೊಳೀತಿದೆ. ಮಾರ್ಚ್ ಮೂರಕ್ಕೆ ತಂತಿ ಕಿತ್ತರೆ ನಾಲ್ಕರ ಸಂಜೆಯಿಂದ ಚಾರ್ಜರ್ ಕೆಂಪು ತೋರಿಸಿದೆ. ಅದೂ ಹಾಲು ಕರೆಯೋ ಹೊತ್ತಿಗೆ ಮಾತ್ರ. ಮೆಷಿನ್ ಓಡಿದಾಗೆಲ್ಲ ಅರ್ತಿಂಗಿಗೆ ಕರೆಂಟು ನುಗ್ತಿತ್ತು, ಆಗ ಕಾರು ಸಿಕ್ಕಿಸಿದ್ದರೆ ಚಾರ್ಜರ್ ಅದನ್ನ ಕಂಡು ನಿಲ್ತಿತ್ತು. ಮಧ್ಯಾಹ್ನ ಬಂದ ಮಹದೇವುಗೆ ಏನು ಸಿಗಬೇಕು? ಒದ್ದೆ ನೆಲದಲ್ಲಿ ನಿಂತ ಚುಕ್ಕಿಗೂ ಅದೇ ಕರೆಂಟು ಜುಮುಗುಟ್ತಿತ್ತು, ಒದೀತಿತ್ತು. ಚಾರ್ಜರೂ ಹೇಳ್ತು, ಹಸುವೂ ಹೇಳ್ತು, ಯಾರೂ ಕೇಳಲಿಲ್ಲ."

"ಸಾಯೋ ಅಷ್ಟು ಕರೆಂಟು ಅವತ್ತು ಎಲ್ಲಿಂದ ಬಂತು?" ಎಂದೆ ನಾನು.

"ಕೈಯಲ್ಲಿ ಸುತ್ತಿದ ತಂತಿ, ಬಿಗಿ ಇರಲಿಲ್ಲ. ಅವತ್ತು ಪಟ್ಟಿಯಿಂದ ಕಳಚಿಕೊಂಡಿತು. ದಾರಿ ಮುಚ್ಚಿದ ಕರೆಂಟು ಪೂರ್ತಾ ತಂತಿಯಲ್ಲೇ ನಿಂತು, ಅದು ತಾಗಿದ್ದ ಈ ಪೈಪಿಗೆ ಇಳೀತು. ಪೈಪಿನಿಂದ ಸರಪಳಿಗೆ, ಸರಪಳಿಯಿಂದ ಚುಕ್ಕಿಗೆ. ಒಣ ನೆಲದಲ್ಲಿದ್ದ ಮಿಕ್ಕೆರಡು ಉಳಕೊಂಡವು. ಆಮೇಲೆ ಆ ತಂತಿಯನ್ನ ಬಿಚ್ಚಿ ಬಚ್ಚಿಟ್ಟರು. ಅದಕ್ಕೇ ಮೆಷಿನ್ನಿಗೆ ಗೋಣಿತಾಟು ಹೊದಿಸಿದ್ದು. ಪುನೀತ್ ಗುಂಡಿ ನೋಡಿರಬಹುದು, ಆ ತಂತಿಯೂ ಅರ್ತಿಂಗಿನದೇ ಅಂದ್ಕೊಂಡಿರಬಹುದು, ಆದರೆ ದಿನಾ ಎರಡು ಹೊತ್ತು ಇಲ್ಲಿ ಮೆಷಿನ್ ಓಡಿಸ್ತಿದ್ದವನು ಅವನಲ್ಲ. ಕಿತ್ತ ತಂತಿ ಲೆಕ್ಕಕ್ಕಿಲ್ಲ ಅಂತ ನನಗೆ ಸುಳ್ಳು ಹೇಳಿದವನೂ ಅವನಲ್ಲ."

ಯತೀಶ್ ಕೊಟ್ಟಿಗೆಯ ಮೂಲೆಯತ್ತ ತಿರುಗಿದ. "ಬೂಸಾ ಚೀಲದ ಹಿಂದೆ ಐತೆ ತಂತಿ" ಎಂದ. "ಸಾಯ್ತದೆ ಅಂತ ಗೊತ್ತಿರ್ನಿಲ್ಲ ಕಣವ್ವ, ನಿನ್ನಾಣೆ."

"ಒಂದು ತಂತಿ ಹಾಕ್ಸಕ್ಕೆ ಮಹದೇವುನ ಕರೆಯಕ್ಕೆ ಏನಾಗಿತ್ಲಾ ನಿಂಗೆ?" ಹೊಂಬಾಳಮ್ಮ ಕೂಗಿದರು. "ಮಾಡಿದ್ದು ಮಾಡ್ಬುಟ್ಟು ಅವ್ನ ತಲೆಗ್ ಕಟ್ದಲ್ಲಾ, ಬಾಯಿಗ್ ಮಣ್ಣಾಕ!"

"ಯಾರನ್ನವ್ವ ಕರೀಲಿ? ಅವ್ನು ಕೊಟ್ಟಿಗೆ ಹೊಸ್ಲು ದಾಟಂಗಿಲ್ಲ ಅಂದೋಳು ನೀನೇ ಅಲ್ವಾ?"

ಆ ಮುದುಕಿ ಹೊಸಿಲಿನ ಕಡೆ ತಿರುಗಿ ನೋಡಿದರು. ನನಗೂ ಅಲ್ಲಿ ನಿಲ್ಲಲಾಗಲಿಲ್ಲ, ನಾಚಿಕೆಯಾಯಿತು. ನಮ್ಮ ಮನೆಯಲ್ಲೂ ಇಂಥ ಹೊಸಿಲುಗಳಿದ್ದವು.

ಯತೀಶ್ ಜೇಬಿನ ಕಾಗದ ತೆಗೆದು ಹರಿಯಲು ಹೋದ.

"ಹರೀಬೇಡಿ ಯತೀಶಣ್ಣ" ಎಂದ ಮಹದೇವು. ಅಷ್ಟು ಹೊತ್ತಿಗೆ ಅವನು ರಸ್ತೆ ದಾಟಿ ಅಂಗಳಕ್ಕೆ ಬಂದಿದ್ದ. "ಹಸ ಕೊಂದವ್ನು ಅಂತ ಊರಿಗೆಲ್ಲ ಹೇಳಿದೀರ. ಅದೇ ಕಾಗದದ ಹಿಂದ್ಗಡೆ ನಡೆದದ್ದು ಬರ್ದು ಸೈನ್ ಮಾಡಿ, ಇಷ್ಟು ಜನದ ಮುಂದೆ ಓದಿ. ನಂಗೆ ಅಷ್ಟು ಸಾಕು."

ಯತೀಶ್ ಬರೆದ. ಓದಲು ಅವನಿಂದ ಆಗಲಿಲ್ಲ. ವೀಣ ಓದಿದಳು, ಒಂದಕ್ಷರ ಬಿಡದೆ, ದೊಡ್ಡ ದನಿಯಲ್ಲಿ. ಸೌಮ್ಯ ಆ ಕಾಗದವನ್ನು ಮಡಿಸಿ ಗುರುತಿನ ಚೀಟಿಯ ಪ್ಲಾಸ್ಟಿಕ್ಕಿನೊಳಗೆ ಇಟ್ಟುಕೊಂಡಳು. ಅಟ್ಟದಲ್ಲಿದ್ದ ಟೂಲ್ಸ್ ಬ್ಯಾಗನ್ನು ನನ್ನ ವ್ಯಾನಿನಲ್ಲೇ ಹೋಗಿ ತಂದೆವು.

ಮಹದೇವು ಮನೆಯ ಮೇನ್ ಸ್ವಿಚ್ಚು ಇಳಿಸಿ, ಹೊಸ ತಂತಿ ಎಳೆದುಕೊಂಡು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟ. ಒಳಗಿನ ಬೋರ್ಡಿಗೆ ಅದನ್ನು ಸೇರಿಸಬೇಕಿತ್ತು.

"ಬಾರಪ್ಪ ಒಳಕ್ಕೆ" ಎಂದರು ಹೊಂಬಾಳಮ್ಮ.

ಅವನು ಚಪ್ಪಲಿ ಬಿಡಲು ಬಗ್ಗಿದ. ಬೆಟ್ಟಕ್ಕ ಗದರಿದರು. "ಬರಿಗಾಲಲ್ಲಿ ಕರೆಂಟಿನ ಕೆಲಸ ಮಾಡ್ತಾರೇನೋ? ಮೆಟ್ಕೊಂಡೇ ಹೋಗು." ಹೊಂಬಾಳಮ್ಮ ಬೇಡವೆನ್ನಲಿಲ್ಲ. ಅವನು ಹೊಸಿಲು ದಾಟಿ ಒಳಗೆ ಹೋದ.

ಇಪ್ಪತ್ತು ನಿಮಿಷದ ಕೆಲಸ. ಸಂಜೆಯ ಹಾಲಿನ ಹೊತ್ತಿಗೆ ಮೆಷಿನ್ನು ಓಡಿತು, ಹಸುಗಳೆರಡೂ ಕಾಲು ಎತ್ತಲಿಲ್ಲ. ಪಕ್ಕದ ಶೆಡ್ಡಿನಲ್ಲಿ ವೀಣ ಕಾರಿಗೆ ಚಾರ್ಜರ್ ಸಿಕ್ಕಿಸಿದಳು. ಹಸಿರು ದೀಪ ಉರಿಯಿತು, ಕೆಂಪಾಗಲಿಲ್ಲ. ಯಾವ ಚಾರ್ಜರ್ ಎಂದು ನಾನು ಬೆಟ್ಟಕ್ಕನನ್ನು ಮತ್ತೆ ಕೇಳಲಿಲ್ಲ. ಅವರ ಮನೆಗೂ ಗುಂಡಿ ತೋಡಲು ಯಾವತ್ತು ಬರುತ್ತೀಯ ಎಂದು ಮಹದೇವುವನ್ನೇ ಕೇಳಿದೆ.

ಹೊಂಬಾಳಮ್ಮ ಕೊಟ್ಟಿಗೆಯಲ್ಲಿ ಆ ಮೂರನೆಯ ಸರಪಳಿ ಹಿಡಿದು ಇನ್ನೂ ನಿಂತೇ ಇದ್ದರು.

"ಇಪ್ಪತ್ ನಿಮಿಸದ ಕೆಲ್ಸ" ಎಂದರು, ನಮಗ್ಯಾರಿಗೂ ಅಲ್ಲ, ಚುಕ್ಕಿಗೆ. "ಅವತ್ತೇ ಒಳಕ್ ಕರ್ದಿದ್ರೆ ನೀನು ಇರೋಳು ಕಣವ್ವ."